ಕಾಲುದಾರಿ: ನಿತ್ಯವೋ, ಕಾಮ್ಯವೋ?

ಮೀಮಾಂಸಾಶಾಸ್ತ್ರದಲ್ಲಿ ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಪ್ರಸಿದ್ಧವೇ ಆಗಿದೆ. ಸಂಧ್ಯಾವಂದನೆಯಂತೆ ದಿನದಿನವೂ ಮಾಡಲೇಬೇಕಾದುದು ನಿತ್ಯ. ಗ್ರಹಣಸ್ನಾನದಂತೆ ಒಂದು ನಿಮಿತ್ತವು ಒದಗಿದಾಗ ಮಾತ್ರ ಮಾಡಬೇಕಾದುದು ನೈಮಿತ್ತಿಕ. ಪುತ್ರಕಾಮೇಷ್ಟಿಯಂತೆ ಒಂದು ಫಲವನ್ನು ಬಯಸಿ ಮಾಡುವುದು ಕಾಮ್ಯ. ಇವುಗಳಲ್ಲಿ ನಿತ್ಯಕ್ಕೆ ಒಂದು ವಿಶೇಷವುಂಟು. ಅದನ್ನು ಮಾಡಿದವನಿಗೆ ಹೇಳಿಕೊಳ್ಳುವಂತಹ ಫಲವೇನೂ ಇಲ್ಲವೆಂದೂ, ಬಿಟ್ಟವನಿಗೆ ಮಾತ್ರ ಪ್ರತ್ಯವಾಯವೆಂಬ ದೋಷವು ತಪ್ಪದೆಂದೂ ಹಲವರು ಶಾಸ್ತ್ರಕಾರರು ಹೇಳುತ್ತಾರೆ. ಸಂಜೆಯ ಹೊತ್ತು ದೀಪ ಹಚ್ಚಿದ ಸೊಸೆಯನ್ನು ಯಾರೂ ಹೊಗಳುವುದಿಲ್ಲ. ಹಚ್ಚದೆ ಹೋದರೆ ಮನೆಯೆಲ್ಲವೂ ಕತ್ತಲೆ.

ಈ ವಿಭಾಗವು ವೈದಿಕ ಕರ್ಮಗಳಿಗಾಗಿ ಹುಟ್ಟಿದುದಾದರೂ ಲೌಕಿಕ ವ್ಯವಹಾರದ ವಿಮರ್ಶೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಒಂದು ನಗರದ ಆಡಳಿತವು ಕೈಗೊಳ್ಳುವ ಕೆಲಸಗಳನ್ನೂ ಹೀಗೆಯೇ ವಿಂಗಡಿಸಬಹುದು. ಕುಡಿಯುವ ನೀರನ್ನು ಒದಗಿಸುವುದು, ಕಸವನ್ನು ತೆಗೆಯುವುದು, ಇವು ನಿತ್ಯವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ನಡೆದು ಹೋಗುವ ಜನರಿಗಾಗಿ ಬೀದಿಯ ಅಂಚಿನಲ್ಲಿ ಕಾಲುದಾರಿಯನ್ನು, ಪೇಟೆಯ ಮಾತಿನಲ್ಲಿ ಫುಟ್‌ಪಾತನ್ನು, ಕಟ್ಟಿ ಕಾಪಾಡುವುದೂ ಅವರು ಬೀದಿಯನ್ನು ನಿರ್ಭಯವಾಗಿ ದಾಟುವಂತೆ ಮಾಡುವುದೂ ಇವುಗಳಲ್ಲಿ ಯಾವ ವರ್ಗಕ್ಕೆ ಸೇರಿದುವು? ಇದೇ ಪ್ರಕೃತ ವಿಚಾರ.

ಮೇಲುನೋಟಕ್ಕೆ ಇದು ಇಂಜಿನಿಯರರಿಗೂ ಲೆಕ್ಕಪತ್ರದವರಿಗೂ ಸಂಬಂಧಿಸಿದ ವಿಷಯವೆಂದು ತೋರಬಹುದು. ಆದರೆ ಹಣವು ಎಲ್ಲಕ್ಕೂ ಸಾಲದೆ ಇರುವಾಗ ಯಾವುದು ಮೊದಲು, ಯಾವುದು ಆಮೇಲೆ, ಯಾರ ಹಣದಿಂದ ಯಾರಿಗೆ ಎಂದು ನಿರ್ಣಯಿಸುವುದು ಧರ್ಮವಿಚಾರವೇ ಹೊರತು ಬರಿಯ ಗಣಿತವಲ್ಲ. ಭಾರತದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಿಂದ ೧,೬೮,೪೯೧ ಮಂದಿ ಮೃತರಾದರೆಂದು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ವರದಿಯು ತಿಳಿಸುತ್ತದೆ. ಅವರಲ್ಲಿ ೩೨,೮೨೫ ಮಂದಿ ಯಾವ ವಾಹನವನ್ನೂ ಏರದೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರು. ಭಾಗಿಸಿ ನೋಡಿದರೆ ದಿನವೊಂದಕ್ಕೆ ಸುಮಾರು ೯೦ ಜನ. ಒಂದು ಸಾಂಕ್ರಾಮಿಕವು ಪ್ರತಿದಿನವೂ ಇಷ್ಟು ಮಂದಿಯನ್ನು ಕೊಂಡೊಯ್ಯುತ್ತಿದ್ದರೆ ಊರೂರಿನಲ್ಲಿಯೂ ಹಾಹಾಕಾರವೇಳುತ್ತಿತ್ತು. ಬೀದಿಯ ಸಾವು ಬಿಡಿಬಿಡಿಯಾಗಿ ಬರುವುದರಿಂದ ಅದು ಅವರವರ ಹಣೆಬರಹವೆನಿಸಿಕೊಳ್ಳುತ್ತದೆ.

ಈಗ ರೂಢಿಯಲ್ಲಿರುವ ಪದ್ಧತಿಯನ್ನು ನೋಡಿದರೆ ಕಾಲುದಾರಿಯು ಬಹುಮಟ್ಟಿಗೆ ನೈಮಿತ್ತಿಕವಾಗಿಯೇ ನಡೆದುಬಂದಿದೆ. ಒಂದು ಕೂಡುರಸ್ತೆಯಲ್ಲಿ ಶಾಲೆಯ ಮಗುವೊಂದು ಲಾರಿಗೆ ಸಿಕ್ಕಿತೆಂದರೆ ಕೆಲವು ದಿನಗಳಲ್ಲಿ ಅಲ್ಲಿ ಹಂಪು ಏಳುತ್ತದೆ. ದೊಡ್ಡ ಅತಿಥಿಯೊಬ್ಬರು ಬರುವರೆಂದರೆ ಅವರು ಹಾದುಹೋಗುವ ಬೀದಿಯ ಚಪ್ಪಡಿಗಳು ಒಂದೇ ರಾತ್ರಿಯಲ್ಲಿ ನೆಟ್ಟಗಾಗುತ್ತವೆ. ನ್ಯಾಯಾಲಯವು ಗದರಿಸಿದರೆ ಅಡ್ಡಿಗಳನ್ನು ತೆರವು ಮಾಡುವ ಕಾರ್ಯವು ಎಂಟು ದಿನ ನಡೆದು ನಿಲ್ಲುತ್ತದೆ. ನಿಮಿತ್ತವು ಕಳೆದರೆ ಕರ್ಮವೂ ಕಳೆಯಿತು.

ಕಾನೂನು ಕೂಡ ಈ ಜಾಡನ್ನು ಪೂರ್ಣವಾಗಿ ಬಿಟ್ಟಿಲ್ಲ. ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಲ್ಲಿ ೧೯೮ಎ ಎಂಬ ಹೊಸ ಪ್ರಕರಣವನ್ನು ಸೇರಿಸಲಾಯಿತು. ರಸ್ತೆಯ ವಿನ್ಯಾಸದಲ್ಲಿಯೂ ನಿರ್ಮಾಣದಲ್ಲಿಯೂ ಸಂರಕ್ಷಣೆಯಲ್ಲಿಯೂ ಗೊತ್ತಾದ ಮಾನಗಳನ್ನು ಪಾಲಿಸದ ಅಧಿಕಾರಿಗೆ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ಹೊಣೆಯನ್ನು ರಸ್ತೆ ಕಟ್ಟಿದವನ ಮೇಲೂ ಹೊರಿಸಿದ್ದು ಮೆಚ್ಚತಕ್ಕ ಸಂಗತಿಯೇ. ಆದರೆ ಆ ದಂಡವು ಸಲ್ಲಬೇಕಾದರೆ ಆ ಲೋಪದಿಂದ ಯಾರಾದರೊಬ್ಬರು ಸತ್ತಿರಬೇಕು ಅಥವಾ ಅಂಗವಿಕಲರಾಗಿರಬೇಕು. ಇಲ್ಲಿಯೂ ನಿಮಿತ್ತವೆಂದರೆ ಒಂದು ಜೀವ. ಬಲಿಯು ಬಿದ್ದ ಬಳಿಕ ಹೊಂಡಕ್ಕೆ ಬೇಲಿ ಕಟ್ಟುವುದನ್ನು ಪ್ರಾಯಶ್ಚಿತ್ತವೆನ್ನಬಹುದು, ಧರ್ಮವೆನ್ನಲಾಗದು.

ಸಾವಿಗಾಗಿ ಕಾಯದೆ ಮೊದಲೇ ಎಚ್ಚತ್ತ ದೇಶಗಳೂ ಇವೆ. ರಸ್ತೆಯಲ್ಲಿ ಆಗುವ ಮರಣವು ಅನಿವಾರ್ಯವೆಂಬ ಭಾವನೆಯನ್ನೇ ತಿರಸ್ಕರಿಸಿ, ಮನುಷ್ಯನು ತಪ್ಪುವುದು ಸಹಜವಾದುದರಿಂದ ಆ ತಪ್ಪಿಗೆ ಮರಣವೇ ಶಿಕ್ಷೆಯಾಗದಂತೆ ರಸ್ತೆಯನ್ನು ರಚಿಸತಕ್ಕದ್ದೆಂದು ಸ್ವೀಡನ್ ದೇಶದ ಪಾರ್ಲಿಮೆಂಟು ೧೯೯೭ರಲ್ಲಿ ನಿಶ್ಚಯಿಸಿತು. ನೆರೆಯ ನಾರ್ವೆಯ ರಾಜಧಾನಿಯಾದ ಓಸ್ಲೋ ನಗರವು ವಾಹನಗಳ ವೇಗವನ್ನು ಇಳಿಸಿ, ನಗರಮಧ್ಯದಲ್ಲಿ ವಾಹನ ನಿಲ್ಲಿಸುವ ನೂರಾರು ಸ್ಥಳಗಳನ್ನು ತೆಗೆದುಹಾಕಿತು. ಸುಮಾರು ಏಳು ಲಕ್ಷ ಜನರಿರುವ ಆ ಪಟ್ಟಣದಲ್ಲಿ ೨೦೧೯ನೆಯ ವರ್ಷವಿಡೀ ಒಬ್ಬ ಪಾದಚಾರಿಯಾಗಲಿ ಒಬ್ಬ ಸೈಕಲ್ ಸವಾರನಾಗಲಿ ರಸ್ತೆಯಲ್ಲಿ ಸಾಯಲಿಲ್ಲ. ಹಣೆಬರಹವೆಂದು ಭಾವಿಸಿದ್ದುದು ವಾಸ್ತವವಾಗಿ ಅಲಕ್ಷ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಇನ್ನು ಕಾಲುದಾರಿಯನ್ನು ಕಾಮ್ಯವಾಗಿ ಮಾಡುವ ಬಗೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾಲುದಾರಿಯೆಂದರೆ ಮಳೆನೀರಿನ ಚರಂಡಿಯ ಮೇಲೆ ಹೊದಿಸಿದ ಕಲ್ಲುಚಪ್ಪಡಿ. ಅದು ಮೊದಲು ಚರಂಡಿಯ ಮುಚ್ಚಳ, ಅನಂತರ ದಾರಿ. ಚಪ್ಪಡಿಯೊಂದು ಮುರಿದರೆ ನಡೆಯುವವನಿಗೆ ಹಳ್ಳ. ಒಂದೊಂದು ಮನೆಯ ಗೇಟಿನ ಮುಂದೆಯೂ ಒಂದೊಂದು ಇಳಿಜಾರು. ನಡುವೆ ವಿದ್ಯುತ್ತಿನ ಪೆಟ್ಟಿಗೆ, ಮರ, ಮಣ್ಣಿನ ಗುಡ್ಡೆ. ಈ ದುಃಸ್ಥಿತಿಯನ್ನು ನೋಡಿದ ಮೇಲೆ, ೨೦೧೫ರ ಸುಮಾರಿನಲ್ಲಿ ಟೆಂಡರ್ ಶ್ಯೂರ್ ಎಂಬ ಕ್ರಮದಿಂದ ರೆಸಿಡೆನ್ಸಿ ರಸ್ತೆ, ವಿಠ್ಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದುವು ಹೊಸರೂಪವನ್ನು ತಾಳಿದಾಗ ಜನರು ಬೆರಗಾದುದರಲ್ಲಿ ಆಶ್ಚರ್ಯವಿಲ್ಲ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತಿನ ತಂತಿ ಇವುಗಳಿಗೆ ನೆಲದೊಳಗೆ ಬೇರೆ ಬೇರೆ ಎಡೆಗಳನ್ನು ಮೊದಲೇ ಕಲ್ಪಿಸಿ, ಅಗೆದುದನ್ನೇ ಮತ್ತೆ ಅಗೆಯುವ ಅನಿಷ್ಟವನ್ನು ತಪ್ಪಿಸಿ, ಮೇಲೆ ಅಗಲವಾದ ಸಮತಟ್ಟಾದ ಕಾಲುದಾರಿಯನ್ನು ಮಾಡಿದರು. ಚರ್ಚ್ ಸ್ಟ್ರೀಟ್ ೨೦೧೮ರಲ್ಲಿ ಕಲ್ಲುಹಾಸಿನಿಂದ ಶೋಭಿಸಿತು. ಕೆಲಸವು ಶಾಸ್ತ್ರೋಕ್ತವಾಗಿ ನಡೆದರೆ ಭಾರತದ ನಗರದಲ್ಲಿಯೂ ಸುಖವಾಗಿ ನಡೆಯಬಹುದೆಂದು ತೋರಿಸಿಕೊಟ್ಟ ಕೀರ್ತಿಯು ಈ ಪ್ರಯತ್ನಕ್ಕೆ ಸಲ್ಲತಕ್ಕದ್ದೇ.

ಆದರೆ ಮೊದಲು ಆರಿಸಿಕೊಂಡ ಬೀದಿಗಳಾವುವು? ದೊಡ್ಡ ಅಂಗಡಿಗಳೂ ಹೋಟೆಲುಗಳೂ ಕಚೇರಿಗಳೂ ಇರುವ ನಗರಮಧ್ಯದ ಬೀದಿಗಳು. ಸಾಮಾನ್ಯವಾದ ಡಾಂಬರು ಕೆಲಸಕ್ಕೆ ತಗಲುವುದಕ್ಕಿಂತ ಅನೇಕ ಪಟ್ಟು ಹೆಚ್ಚು ಹಣವನ್ನು ಅವುಗಳ ಮೇಲೆ ವೆಚ್ಚಮಾಡಬೇಕಾಯಿತೆಂದು ಆಗಲೇ ಆಕ್ಷೇಪಣೆ ಬಂದಿತ್ತು. ನಗರದ ಅಂಚಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗ್ಗೆ ಸಾಲುಸಾಲಾಗಿ ನಡೆದುಹೋಗುವ ಹೆಣ್ಣುಮಕ್ಕಳಿಗೆ ದೊರೆತ ದಾರಿಯೆಂದರೆ ಹೆದ್ದಾರಿಯ ಬದಿಯ ಧೂಳು. ಶೋಭೆಯ ಫಲವನ್ನು ಬಯಸಿ ಮಾಡಿದ ಕರ್ಮವು ಶೋಭೆ ಕಾಣುವ ಸ್ಥಳವನ್ನೇ ಹುಡುಕಿಕೊಂಡು ಹೋಗುತ್ತದೆ.

ಬೀದಿಯ ಮೇಲೆ ಕಟ್ಟಿದ ಸ್ಕೈವಾಕುಗಳಲ್ಲಿ ಈ ದೋಷವು ಇನ್ನೂ ಸ್ಪಷ್ಟವಾಗಿದೆ. ಬೆಂಗಳೂರಿನಲ್ಲಿ ಇವುಗಳಲ್ಲಿ ಹಲವನ್ನು ಖಾಸಗಿಯವರು ತಮ್ಮ ಹಣದಿಂದ ಕಟ್ಟಿ, ಅದಕ್ಕೆ ಪ್ರತಿಯಾಗಿ ಜಾಹೀರಾತು ಹಚ್ಚುವ ಹಕ್ಕನ್ನು ಪಡೆದರು. ಬೊಕ್ಕಸಕ್ಕೆ ಖರ್ಚಿಲ್ಲವೆಂದು ಇದನ್ನು ಪ್ರಶಂಸಿಸುವವರುಂಟು. ಆದರೆ ಹಣ ಹಾಕಿದವನು ಸೇತುವೆಗೆ ಸ್ಥಳವನ್ನು ಹುಡುಕುವಾಗ, ಜನರು ದಾಟುವುದು ಎಲ್ಲಿ ಎಂಬುದನ್ನು ನೋಡುವನೋ, ವಾಹನದಲ್ಲಿ ಕುಳಿತವರ ಕಣ್ಣಿಗೆ ಹಲಗೆಯು ಬೀಳುವುದು ಎಲ್ಲಿ ಎಂಬುದನ್ನು ನೋಡುವನೋ? ಮೇಲಾಗಿ, ಕಾಲುಬಲವಿಲ್ಲದ ಮುದುಕಿಯು ಎರಡು ಅಂತಸ್ತು ಹತ್ತಿ ಇಳಿಯಬೇಕು, ಕಾರಿನಲ್ಲಿ ಕುಳಿತವನು ಅರೆನಿಮಿಷವೂ ನಿಲ್ಲಬೇಕಾಗಿಲ್ಲ ಎಂಬ ಏರ್ಪಾಡಿನಲ್ಲಿ ಯಾರ ಕಷ್ಟಕ್ಕೆ ಎಷ್ಟು ಬೆಲೆ ಕಟ್ಟಿದಂತಾಯಿತು? ಅದನ್ನು ಪಾದಚಾರಿಗೆ ಮಾಡಿದ ಉಪಕಾರವೆಂದು ಕರೆಯುವುದು ಮಾತಿನ ಚಮತ್ಕಾರವೇ ಸರಿ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ದಾರಿಯಲ್ಲಿ ವಾಹನಕ್ಕೇ ಅಗ್ರಸ್ಥಾನವೆಂಬುದಕ್ಕೆ ಶಾಸ್ತ್ರದ ಆಧಾರವೇ ಇದೆಯೆಂದು ಯಾರಾದರೂ ವಾದಿಸಬಹುದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯೊಂದಿದೆ. ವಾಹನದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕನು, ರಾಜನು, ಮದುವಣಿಗನು ಎಂದು ಅಲ್ಲಿ ಎಣಿಸಿದೆ. ವಾಹನದಲ್ಲಿರುವವನ ಹೆಸರೇ ಮೊದಲು. ಇದಕ್ಕೆ ಸಮಾಧಾನವೇನೆಂದರೆ, ಪಟ್ಟಿಯನ್ನು ನೋಡಿದರೆ ಸಾಲದು, ಅದರ ಹಿಂದಿರುವ ನ್ಯಾಯವನ್ನು ನೋಡಬೇಕು. ಎತ್ತಿನ ಗಾಡಿಯನ್ನು ಚಕ್ರದ ಜಾಡಿನಿಂದ ಪಕ್ಕಕ್ಕೆ ತಿರುಗಿಸುವುದು ಕಷ್ಟ. ವೃದ್ಧನಿಗೂ ರೋಗಿಗೂ ಹೊರೆ ಹೊತ್ತವನಿಗೂ ಸರಿದು ನಿಲ್ಲುವುದು ಕಷ್ಟ. ಸರಿಯುವುದು ಯಾರಿಗೆ ಸುಲಭವೋ ಅವನು, ಯಾರಿಗೆ ಕಷ್ಟವೋ ಅವನಿಗೆ ದಾರಿ ಬಿಡಬೇಕು, ಇದು ಆ ಪಟ್ಟಿಯ ಆರಂಭದ ತಾತ್ಪರ್ಯ. ಇಂದಿನ ವಾಹನವು ಎತ್ತಿನ ಗಾಡಿಯಲ್ಲ. ಅದನ್ನು ನಿಲ್ಲಿಸಲು ಪಾದದ ಬೆರಳನ್ನು ಒತ್ತಿದರೆ ಸಾಕು. ಅದೇ ನ್ಯಾಯವನ್ನು ಹಿಡಿದು ಹೊರಟರೆ ಇಂದು ಸರಿಯಬೇಕಾದವನು ವಾಹನದವನು. ಪಟ್ಟಿಯ ಉಳಿದ ಹೆಸರುಗಳೋ, ಮುದುಕರು, ರೋಗಿಗಳು, ಹೊರೆಯಾಳುಗಳು, ಹೆಂಗಸರು, ಇಂದಿಗೂ ಕಾಲುದಾರಿಯನ್ನು ಎದುರು ನೋಡುತ್ತಿರುವವರ ಹೆಸರುಗಳೇ.

ಎರಡನೆಯ ಪೂರ್ವಪಕ್ಷವು ಹಣದ್ದು. ವಾಹನದ ಒಡೆಯನು ಆಜೀವ ತೆರಿಗೆಯನ್ನು ಕೊಡುತ್ತಾನೆ, ಪೆಟ್ರೋಲಿನ ಮೇಲೆಯೂ ತೆರುತ್ತಾನೆ. ನಡೆಯುವವನು ದಾರಿಗಾಗಿ ಏನನ್ನೂ ಕೊಡುವುದಿಲ್ಲ. ಕೊಟ್ಟವನಿಗಲ್ಲವೆ ಮೊದಲ ಪಾಲು, ಎಂಬುದು ಅದರ ಸ್ವರೂಪ. ಆದರೆ ಮೋಟಾರು ತೆರಿಗೆಯು ಸೇರುವುದು ರಾಜ್ಯದ ಬೊಕ್ಕಸಕ್ಕೆ. ಊರೊಳಗಿನ ಬೀದಿಗಳನ್ನು ನೋಡಿಕೊಳ್ಳಬೇಕಾದ ಪಾಲಿಕೆಯ ಸ್ವಂತ ಆದಾಯದಲ್ಲಿ ಮುಖ್ಯವಾದುದು ಆಸ್ತಿತೆರಿಗೆ. ಅದನ್ನು ನಡೆಯುವವನೂ ಕೊಡುತ್ತಾನೆ: ಸ್ವಂತ ಮನೆಯುಳ್ಳವನು ನೇರವಾಗಿ, ಬಾಡಿಗೆಯವನು ಬಾಡಿಗೆಯ ಮೂಲಕ. ಅದೂ ಅಲ್ಲದೆ, ದಾರಿಯನ್ನು ಸವೆಯಿಸುವವನು ಯಾರು, ದಾರಿಯಲ್ಲಿ ಭಯವನ್ನು ಉಂಟುಮಾಡುವವನು ಯಾರು? ನಡೆಯುವವನಿಂದ ರಸ್ತೆಗೆ ಗುಂಡಿ ಬೀಳದು. ಅವನು ಡಿಕ್ಕಿ ಹೊಡೆದು ಯಾರೂ ಸಾಯರು. ಅಪಾಯವನ್ನು ತರುವವನು ಅದರ ನಿವಾರಣೆಯ ವೆಚ್ಚವನ್ನು ಹೊರುವುದು ಋಣಸಂದಾಯವೇ ಹೊರತು ದಾನವಲ್ಲ.

ಹಾಗಾದರೆ ಕಾಲುದಾರಿಯ ವೆಚ್ಚವನ್ನು ಹೊರಬೇಕಾದವರು ಯಾರು? ಈ ಪ್ರಶ್ನೆಯು ಪುರಾತನವಾದುದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಶಾಸನವೊಂದರಲ್ಲಿ, ತನ್ನ ಕಟ್ಟಡದ ಮುಂದಿನ ಕಾಲುದಾರಿಗೆ ಕಲ್ಲು ಹಾಸಿ ಕಾಪಾಡುವುದು ಆಯಾ ಒಡೆಯನ ಕರ್ತವ್ಯವೆಂದು ವಿಧಿಸಿದೆ. ಅಗೆದು ತೆಗೆದಿರುವ ಪಾಂಪೇಯಿ ಪಟ್ಟಣದಲ್ಲಿ ಒಂದೊಂದು ಮನೆಯ ಮುಂದೆ ಒಂದೊಂದು ಬಗೆಯ ಹಾಸು ಇಂದಿಗೂ ಕಾಣುತ್ತದೆ. ಅಮೆರಿಕದ ಅನೇಕ ನಗರಗಳು ಇದೇ ಪದ್ಧತಿಯನ್ನು ಹಿಡಿದವು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಅನುಕೂಲಸ್ಥರ ಬೀದಿಯಲ್ಲಿ ದಾರಿ ನೆಟ್ಟಗಿರುತ್ತದೆ, ಬಡವರ ಕೇರಿಯಲ್ಲಿ ಮುರಿದಿರುತ್ತದೆ. ಆದರೆ ನಡೆಯುವವನು ಒಂದೇ ಮನೆಯ ಮುಂದೆ ನಡೆಯುವವನಲ್ಲ. ನೂರು ಮನೆಗಳಲ್ಲಿ ಒಂದು ಮನೆಯವನು ಕೈಬಿಟ್ಟರೂ ದಾರಿಯು ಅಲ್ಲಿಗೆ ಕಡಿಯಿತು.

ಈ ಅನುಭವದಿಂದ ಪಾಠ ಕಲಿತು ಕೊಲೊರಾಡೊ ಪ್ರಾಂತದ ಡೆನ್ವರ್ ನಗರದ ಮತದಾರರು ೨೦೨೨ರ ನವೆಂಬರಿನಲ್ಲಿ ಒಂದು ಹೊಸ ನಿಯಮವನ್ನು ಅಂಗೀಕರಿಸಿದರು. ಕಾಲುದಾರಿಯ ಹೊಣೆಯನ್ನು ಮನೆಯವರಿಂದ ನಗರವು ತಾನೇ ವಹಿಸಿಕೊಂಡು, ಪ್ರತಿಯೊಂದು ಆಸ್ತಿಯಿಂದಲೂ ವರ್ಷಕ್ಕೊಮ್ಮೆ ಶುಲ್ಕವನ್ನು ಪಡೆದು, ಇಲ್ಲದ ಕಡೆ ಕಟ್ಟಿ ಕೆಟ್ಟ ಕಡೆ ಸರಿಪಡಿಸತಕ್ಕದ್ದೆಂಬುದೇ ಅದು. ಮೊದಲು ಶುಲ್ಕವನ್ನು ಬೀದಿಯ ಕಡೆಗಿರುವ ನಿವೇಶನದ ಉದ್ದವನ್ನನುಸರಿಸಿ ಗೊತ್ತುಮಾಡಿದ್ದರು. ಎರಡು ಬೀದಿ ಕೂಡುವ ಮೂಲೆಯ ಮನೆಯವರು ತಮಗೆ ಹೊರೆ ವಿಪರೀತವಾಯಿತೆಂದು ಕೂಗಿದರು. ಒಬ್ಬನ ಮನೆಯ ಮುಂದೆ ಹೆಚ್ಚು ದಾರಿಯಿದೆಯೆಂದ ಮಾತ್ರಕ್ಕೆ ಅವನು ಹೆಚ್ಚು ನಡೆಯುವವನಾಗುವುದಿಲ್ಲವಷ್ಟೆ. ಕೊನೆಗೆ ಬಹುಪಾಲು ಮನೆಗಳಿಗೆ ವರ್ಷಕ್ಕೆ ೧೫೦ ಡಾಲರಿನ ಸಮಾನ ಶುಲ್ಕವೆಂದು ತಿದ್ದಿ, ೨೦೨೫ರ ಜನವರಿಯಿಂದ ಅದನ್ನು ಜಾರಿಗೆ ತಂದರು. ಬಡವನಿಗೂ ಧನಿಕನಿಗೂ ಒಂದೇ ಮೊತ್ತವೆಂಬುದು ನ್ಯಾಯವೇ ಎಂದು ಕೇಳಬಹುದು. ಆ ಪ್ರಶ್ನೆಯು ಯುಕ್ತವಾದುದೇ. ಆದರೆ ದಾರಿಯು ಬಿಡಿ ಮನೆಗಳ ಅಂಗಳವಲ್ಲ, ಊರಿನ ಸಮಷ್ಟಿಯ ಸ್ವತ್ತು ಎಂಬ ಮೂಲತತ್ತ್ವವು ಅಲ್ಲಿ ಸ್ಥಿರಪಟ್ಟಿತು.

ಇದು ಕನ್ನಡನಾಡಿಗೆ ಅಪರಿಚಿತವಾದ ತತ್ತ್ವವೇನೂ ಅಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿತೆರಿಗೆಯೊಡನೆ ಗ್ರಂಥಾಲಯದ ಉಪಕರವನ್ನೂ ಜನರು ಕೊಡುತ್ತ ಬಂದಿದ್ದಾರೆ. ಪುಸ್ತಕವನ್ನು ಕೈಯಲ್ಲಿ ಹಿಡಿಯದವನೂ ಅದನ್ನು ಕೊಡುತ್ತಾನೆ. ಊರಿನಲ್ಲಿ ಓದುವವರಿರುವುದು ಅವನಿಗೂ ಹಿತವೆಂಬುದೇ ಅದರ ಸಮರ್ಥನೆ. ಓದದವನೂ ಗ್ರಂಥಾಲಯಕ್ಕೆ ಕೊಡಬಹುದಾದರೆ ಕಾರಿನವನು ಕಾಲುದಾರಿಗೆ ಕೊಡಬಾರದೇಕೆ? ಅವನಾದರೂ ಕಾರಿನಿಂದ ಇಳಿದ ಕೂಡಲೆ ಪಾದಚಾರಿಯೇ ಆಗುತ್ತಾನೆ.

ಹಣವನ್ನು ಕೂಡಿಸುವ ರೀತಿ ಹೇಗಾದರೂ ಇರಲಿ, ಅದನ್ನು ಮೀಸಲಾಗಿಡುವ ರೀತಿಯು ಅದಕ್ಕಿಂತ ಮುಖ್ಯವಾದುದು. ಎಲ್ಲ ಖರ್ಚೂ ಆದಮೇಲೆ ಮಿಕ್ಕುದನ್ನು ಕೊಡುವೆವೆಂದರೆ ಮಿಗುವುದು ಏನೂ ಇಲ್ಲ. ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೋ ನಗರದ ಮೇಲೆ ಅಂಗವಿಕಲರು ಹೂಡಿದ ಮೊಕದ್ದಮೆಯಲ್ಲಿ, ಕಾಲುದಾರಿಯೂ ನಗರವು ಜನರಿಗೆ ಸಲ್ಲಿಸುವ ಸೇವೆಯೇ ಆದುದರಿಂದ ಅದು ಅಂಗವಿಕಲರಿಗೂ ಉಪಯೋಗಕ್ಕೆ ಬರುವಂತಿರಬೇಕೆಂದು ೨೦೦೨ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ತೀರ್ಮಾನಿಸಿತು. ಆಮೇಲೆ ಆದ ರಾಜಿಯಲ್ಲಿ, ನಗರದ ಸಾರಿಗೆ ನಿಧಿಯಿಂದ ಪ್ರತಿವರ್ಷ ನೂರಕ್ಕೆ ೨೦ರಷ್ಟನ್ನು ೩೦ ವರ್ಷಗಳವರೆಗೆ ಇದಕ್ಕೆ ತೆಗೆದಿಡುವುದೆಂದು ಒಪ್ಪಿಗೆಯಾಯಿತು. ಚೆನ್ನೈ ನಗರದ ಪಾಲಿಕೆಯು ೨೦೧೪ರಲ್ಲಿ ಅಂಗೀಕರಿಸಿದ ಧೋರಣೆಯಲ್ಲಿ ಸಾರಿಗೆಯ ಆಯವ್ಯಯದ ನೂರಕ್ಕೆ ೬೦ ಪಾಲನ್ನು ನಡೆಯುವವರಿಗೂ ಸೈಕಲಿನವರಿಗೂ ಮೀಸಲಿಡುವ ಸಂಕಲ್ಪವಿದೆ. ಸಂಕಲ್ಪವೂ ಅನುಷ್ಠಾನವೂ ಒಂದೇ ಅಲ್ಲವೆಂಬುದು ನಿಜ. ಆದರೆ ಪಾಲು ಇಷ್ಟೆಂದು ಬರೆದಿಟ್ಟರೆ ಅದು ಸಂದಿತೇ ಇಲ್ಲವೇ ಎಂದು ಕೇಳುವುದಕ್ಕಾದರೂ ಆಸ್ಪದವಿರುತ್ತದೆ. ಮಿಕ್ಕರೆ ಕೊಡುವೆವೆಂಬ ಮಾತಿಗೆ ಲೆಕ್ಕ ಕೇಳುವುದೆಂತು?

ಹಣವು ಸಿದ್ಧವಾದ ಮೇಲೆ ಕ್ರಮದ ಪ್ರಶ್ನೆ. ಈಗ ಕ್ರಮವು ಬಹುಮಟ್ಟಿಗೆ ಅರ್ಜಿಯನ್ನು ಅನುಸರಿಸುತ್ತದೆ. ಅತ್ತ ಕೂಸಿಗೆ ಹಾಲು. ಅರ್ಜಿಯನ್ನು ಬರೆಯಬಲ್ಲವರು, ಕಚೇರಿಯ ಮೆಟ್ಟಿಲನ್ನು ಹತ್ತಬಲ್ಲವರು, ಪತ್ರಿಕೆಯವರನ್ನು ಬಲ್ಲವರು ಇರುವ ಬಡಾವಣೆಗೆ ಚಪ್ಪಡಿಯು ಬೇಗ ಬರುತ್ತದೆ. ಮೀಮಾಂಸಕರು ಕ್ರಮನಿರ್ಣಯವನ್ನು ಚರ್ಚಿಸುವಾಗ ಪಾಠಕ್ರಮಕ್ಕಿಂತ ಅರ್ಥಕ್ರಮವು ಪ್ರಬಲವೆಂದು ಹೇಳುತ್ತಾರೆ. ಅಗ್ನಿಹೋತ್ರ ಮಾಡುವುದನ್ನು ಮೊದಲೂ ಗಂಜಿ ಬೇಯಿಸುವುದನ್ನು ಅನಂತರವೂ ಗ್ರಂಥದಲ್ಲಿ ಹೇಳಿದ್ದರೂ, ಹೋಮಕ್ಕೆ ಗಂಜಿಯೇ ಬೇಕಾದುದರಿಂದ ಬೇಯಿಸುವುದೇ ಮೊದಲು ಎಂಬುದು ಅವರ ಉದಾಹರಣೆ. ಕಡತದಲ್ಲಿ ಅರ್ಜಿಗಳು ಬಂದ ಸರದಿಯು ಪಾಠಕ್ರಮ. ಪ್ರಯೋಜನವನ್ನು ನೋಡಿ ಹಚ್ಚುವ ಸರದಿಯು ಅರ್ಥಕ್ರಮ. ಎಲ್ಲಿ ಜನರು ಸಾಯುತ್ತಿದ್ದಾರೆ, ಎಲ್ಲಿ ವಾಹನದ ವೇಗವು ಹೆಚ್ಚು, ಎಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿವೆ, ಎಲ್ಲಿ ನಡೆಯದೆ ಬೇರೆ ಗತಿಯಿಲ್ಲದ ಜನರಿದ್ದಾರೆ, ಅಲ್ಲಿಂದ ಕೆಲಸವು ಮೊದಲಾಗಬೇಕು. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ೧೯೯೦ರ ಕಾಯಿದೆಗೆ ಸಂಬಂಧಿಸಿದ ನಿಯಮಗಳು, ದಾರಿಯಂಚಿನ ಇಳಿಜಾರುಗಳನ್ನು ಮಾಡುವಾಗ ಸರ್ಕಾರಿ ಕಚೇರಿ, ಸಾರಿಗೆಯ ತಾಣ, ಸಾರ್ವಜನಿಕರು ಬಂದುಹೋಗುವ ಸ್ಥಳ, ಉದ್ಯೋಗದ ಸ್ಥಳ ಇವುಗಳ ದಾರಿಗಳಿಗೆ ಆದ್ಯತೆಯನ್ನು ಕೊಟ್ಟು ಉಳಿದುದನ್ನು ಆಮೇಲೆ ಹೇಳಿವೆ.

ಕ್ರಮವನ್ನು ಬದಲಾಯಿಸುವುದಕ್ಕೆ ಯಾವಾಗಲೂ ಹೆಚ್ಚು ಹಣವೇ ಬೇಕೆಂದಿಲ್ಲ. ಸ್ವೀಡನ್ನಿನ ಕಾರ್ಲ್ಸ್‌ಕೂಗಾ ಎಂಬ ಚಿಕ್ಕ ಊರಿನಲ್ಲಿ ಹಿಮ ಬಿದ್ದಾಗ ಮೊದಲು ದೊಡ್ಡ ರಸ್ತೆಗಳನ್ನು ಬಳಿದು, ಕೊನೆಗೆ ಕಾಲುದಾರಿಗಳನ್ನು ಬಳಿಯುವ ರೂಢಿಯಿತ್ತು. ಮಗುವಿನ ಗಾಡಿಯನ್ನು ಹಿಮದಲ್ಲಿ ತಳ್ಳುವ ತಾಯಿಯ ಕಷ್ಟವು ಅದೇ ಹಿಮದಲ್ಲಿ ಕಾರು ನಡೆಸುವವನ ಕಷ್ಟಕ್ಕಿಂತ ದೊಡ್ಡದೆಂದು ಕಂಡುಕೊಂಡು, ೨೦೧೧ರ ಸುಮಾರಿನಲ್ಲಿ ಆ ಊರಿನವರು ಸರದಿಯನ್ನು ತಿರುಗಿಸಿದರು. ಬದಲಾದುದು ಸರದಿಯೊಂದೇ, ಅದರಿಂದ ಮನೆಯಲ್ಲೇ ಸಿಕ್ಕಿಬೀಳುತ್ತಿದ್ದವರಿಗೆ ಬೀದಿಯು ತೆರೆಯಿತು.

ಈ ವಿಚಾರದಲ್ಲಿ ಬೀದಿಯ ವ್ಯಾಪಾರಿಯನ್ನು ಮರೆಯುವಂತಿಲ್ಲ. ಕಾಲುದಾರಿಯನ್ನು ತೆರವು ಮಾಡಬೇಕೆಂಬ ಕೂಗೆದ್ದಾಗಲೆಲ್ಲ ಮೊದಲು ಏಟು ಬೀಳುವುದು ಸೊಪ್ಪು ಮಾರುವವಳ ಬುಟ್ಟಿಗೆ. ಪಾದಚಾರಿಯ ಧರ್ಮವನ್ನು ಎತ್ತಿಹಿಡಿಯಲು ಹೋಗಿ ಅವನಿಗಿಂತ ಬಡವಾದವಳ ಅನ್ನವನ್ನು ಕಸಿಯುವುದು ಉಚಿತವೆ? ಮುಂಬಯಿಯ ಫುಟ್‌ಪಾತಿನಲ್ಲಿ ವಾಸಿಸುತ್ತಿದ್ದವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಜೀವನೋಪಾಯವೂ ಜೀವಿಸುವ ಹಕ್ಕಿನೊಳಗೆ ಸೇರಿದುದೆಂದು ಒಪ್ಪಿಕೊಂಡಿತು. ಆದರೂ ದಾರಿಯು ನಡೆಯುವುದಕ್ಕಾಗಿ ಇರುವುದೆಂಬುದನ್ನು ಬಿಟ್ಟುಕೊಡಲಿಲ್ಲ. ಬೀದಿ ವ್ಯಾಪಾರಿಗಳ ೨೦೧೪ರ ಕಾಯಿದೆಯು ಅವರನ್ನು ಎಣಿಸಿ, ಪತ್ರ ಕೊಟ್ಟು, ಸ್ಥಳವನ್ನು ಗೊತ್ತುಮಾಡಬೇಕೆಂದು ವಿಧಿಸಿತು. ಅಳೆದು ನೋಡಿದರೆ ಈ ಕಲಹದಲ್ಲಿ ಮೂರನೆಯವನೊಬ್ಬನು ಅಡಗಿರುವುದು ಕಾಣುತ್ತದೆ. ಬುಟ್ಟಿಯು ಹಿಡಿಯುವ ಸ್ಥಳವೆಷ್ಟು, ಪಕ್ಕದಲ್ಲಿ ದಿನವಿಡೀ ಬಿಟ್ಟಿಯಾಗಿ ನಿಂತಿರುವ ಕಾರು ಹಿಡಿಯುವ ಸ್ಥಳವೆಷ್ಟು? ಬಡವರಿಬ್ಬರನ್ನು ಒಂದು ಗೇಣು ನೆಲಕ್ಕಾಗಿ ಜಗಳಕ್ಕೆ ಬಿಟ್ಟು, ಒಂದು ಮಾರು ನೆಲವನ್ನು ಹಿಡಿದವನನ್ನು ಕೇಳದಿರುವುದು ನ್ಯಾಯದ ಲಕ್ಷಣವಲ್ಲ.

ಈಗ ಮೂಲಪ್ರಶ್ನೆಗೆ ಬರಬಹುದು. ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಿಯಾದ ಕಾಲುದಾರಿಯನ್ನು ಪಡೆಯುವುದು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಅಡ ಕವಾಗಿದೆಯೆಂದು ಹೇಳಿ, ಅಂಗವಿಕಲರಿಗೂ ಅನುಕೂಲವಾಗುವಂತೆ ನಿಯಮಗಳನ್ನು ಮಾಡಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಒಬ್ಬನಿಗೆ ಹಕ್ಕಾದುದು ಮತ್ತೊಬ್ಬನಿಗೆ ಕಾಮ್ಯವಾಗಿ ಉಳಿಯಲಾರದು. ಆದುದರಿಂದ ಕಾಲುದಾರಿಯು ನಗರದ ನಿತ್ಯಕರ್ಮವೆಂಬುದೇ ಸಿದ್ಧಾಂತ.

ಹಣವಿಲ್ಲವೆಂಬ ಕೊನೆಯ ಆಕ್ಷೇಪಕ್ಕೂ ಈ ಸಿದ್ಧಾಂತದಲ್ಲಿಯೇ ಉತ್ತರವಿದೆ. ಕಾಮ್ಯಕರ್ಮವನ್ನು ಸರ್ವಾಂಗಸಂಪೂರ್ಣವಾಗಿ ಮಾಡಿದರೆ ಮಾತ್ರ ಫಲವುಂಟು. ಶಕ್ತಿಯಿಲ್ಲದವನು ಅದಕ್ಕೆ ಕೈಹಾಕಬೇಕಾಗಿಲ್ಲ. ನಿತ್ಯವಾದರೋ ಹಾಗಲ್ಲ. ಅಂಗಗಳಲ್ಲಿ ಕೊರತೆಯಾದರೂ ಪ್ರಧಾನವನ್ನು ಬಿಡದೆ ಯಥಾಶಕ್ತಿಯಾಗಿ ಮಾಡಲೇಬೇಕು. ಕಾಲುದಾರಿಯಲ್ಲಿ ಪ್ರಧಾನವಾವುದು? ಎಡವದೆ ನಡೆಯಬಹುದಾದ ಸಮವಾದ ನೆಲ, ನಡುವೆ ಕಡಿಯದ ದಾರಿ, ಜೀವಭಯವಿಲ್ಲದೆ ದಾಟುವ ಎಡೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯು ಅಡ್ಡಿಯಿಲ್ಲದ ೧.೮ ಮೀಟರ್ ಅಗಲವನ್ನು ಕನಿಷ್ಠವೆಂದು ಹೇಳುತ್ತದೆ. ನಯವಾದ ಕಲ್ಲು, ಅಲಂಕಾರದ ದೀಪ, ಕುಳಿತುಕೊಳ್ಳುವ ಆಸನ, ಇವು ಅಂಗಗಳು. ಹತ್ತು ಬೀದಿಗಳಲ್ಲಿ ಅಂಗಗಳೆಲ್ಲವೂ ತುಂಬಿ, ಸಾವಿರ ಬೀದಿಗಳಲ್ಲಿ ಪ್ರಧಾನವೇ ಇಲ್ಲವೆಂದರೆ ಆ ನಗರವು ಕಾಮ್ಯವನ್ನು ಮಾಡಿ ನಿತ್ಯವನ್ನು ಬಿಟ್ಟಂತೆ. ಅರೆಬರೆಯಾಗಿ ಮಾಡುವುದಕ್ಕಿಂತ ಕೆಲವನ್ನೇ ಚೆನ್ನಾಗಿ ಮಾಡುವುದು ಮೇಲೆಂಬ ಮಾತಿಗೂ ಇದೇ ಸಮಾಧಾನ: ಅಂಗವು ಅರೆಯಾದರೆ ಸಹಿಸಬಹುದು, ಪ್ರಧಾನವು ಅರೆಯಾಗಕೂಡದು. ಗೇಟುಗೇಟಿಗೂ ಕಡಿದುಹೋಗುವ ದಾರಿಯು ಕೊರತೆಯುಳ್ಳ ದಾರಿಯಲ್ಲ, ದಾರಿಯೇ ಅಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಥದ ಹಾದಿಗೆ ೫ ಅರತ್ನಿ, ದನಗಳ ಹಾದಿಗೆ ೪, ಕುರಿಮೇಕೆಗಳಿಗೂ ಮನುಷ್ಯರಿಗೂ ಸೇರಿದ ಹಾದಿಗೆ ೨ ಅರತ್ನಿ ಅಗಲವೆಂದು ಹೇಳಿದೆ. ಹಾದಿಗೆ ಅಡ್ಡ ಕಟ್ಟಿದವನ ದಂಡವೂ ಹಾಗೆಯೇ: ಮನುಷ್ಯರ ಹಾದಿಗಾದರೆ ೧೨ ಪಣ, ದೊಡ್ಡ ಪಶುಗಳ ಹಾದಿಗೆ ೨೪, ಆನೆಯ ಹಾದಿಗೆ ೫೪. ನಡೆಯುವ ಮನುಷ್ಯನ ಪಾಲು ಎಲ್ಲಕ್ಕಿಂತ ಕಿರಿದಾಗಿರುವ ರೋಗವು ಇಂದು ನಿನ್ನೆಯದಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೂ ಅಲ್ಲಿ ಪಾಲು ಎಂಬುದೊಂದಿತ್ತು, ಅದನ್ನು ತಡೆದವನಿಗೆ ಕೇಡು ಸಂಭವಿಸುವ ಮೊದಲೇ ದಂಡವೂ ಇತ್ತು. ತನ್ನ ಆಯವ್ಯಯ ಪತ್ರದಲ್ಲಿ ನಡೆಯುವವನ ಪಾಲು ಇಷ್ಟೆಂದು ಬರೆಯದ ನಗರವು ಆ ಹಳೆಯ ಕಾಲದಷ್ಟನ್ನೂ ಮಾಡಿದಂತಾಗಲಿಲ್ಲ. ಶಂಕುಸ್ಥಾಪನೆಯ ಕಲ್ಲನ್ನೂ ಹಾರತುರಾಯಿಗಳನ್ನೂ ತಾರದ ಈ ಕೆಲಸವನ್ನು ವರ್ಷವರ್ಷವೂ ಸದ್ದಿಲ್ಲದೆ ಮಾಡುವ ಪಾಲಿಕೆಗೆ ಹೊಗಳಿಕೆಯು ದೊರೆಯಲಾರದು. ಆದರೆ ಬಿಟ್ಟರೆ ಒದಗುವ ಪ್ರತ್ಯವಾಯವು ಪರಲೋಕದ್ದಲ್ಲ. ಅದು ದಿನಕ್ಕೆ ಸುಮಾರು ೯೦ ಮನೆಗಳ ಬಾಗಿಲಿಗೆ ಹೋಗಿ ನಿಲ್ಲುತ್ತಿದೆ. ಇದನ್ನು ಪ್ರಾಜ್ಞರಾದ ವಾಚಕರೂ, ಅವರು ಆರಿಸಿ ಕಳುಹಿಸುವ ಸದಸ್ಯರೂ ವಿಚಾರಿಸಿ ನೋಡತಕ್ಕದ್ದು.